ವಿಎಫ್‌ಆರ್: ಕೆಟ್ಟ ಹೆಸರು ತೊಳೆದುಕೊಳ್ಳಲು ಹುಟ್ಟಿದ ಬೈಕು

ಸ್ಪೋರ್ಟ್-ಟೂರರ್ ಬೈಕಿನಿಂದ ಸವಾರ ಬಯಸುವುದು ಒಂದಕ್ಕೊಂದು ಹೊಂದದ ಗುಣಗಳನ್ನು. ಘಾಟಿಯ ತಿರುವಿನಲ್ಲಿ ಅದು ರೇಸ್ ಬೈಕಿನ ಹಾಗೆ ಬಾಗಬೇಕು, ಬೆಳಗಿನಿಂದ ಸಂಜೆಯವರೆಗೆ ಓಡಿಸಿದರೂ ಬೆನ್ನು ಮಣಿಕಟ್ಟು ನೋಯಬಾರದು, ಹಿಂದೆ ಕೂತವರನ್ನೂ ಎರಡು ಪೆಟ್ಟಿಗೆ ಸಾಮಾನನ್ನೂ ಗೊಣಗದೆ ಹೊರಬೇಕು. ಈ ಬಗೆಯ ಬೈಕಿಗೆ ಮೊದಲು ದಾರಿ ತೋರಿಸಿದ್ದು 1976ರಲ್ಲಿ ಬಂದ ಜರ್ಮನಿಯ ಬಿಎಂಡಬ್ಲ್ಯು ಆರ್100ಆರ್‌ಎಸ್. ವಿಂಡ್ ಟನೆಲ್‌ನಲ್ಲಿ ಪರೀಕ್ಷಿಸಿ ರೂಪಿಸಿದ ಅದರ ಪೂರ್ಣ ಫೇರಿಂಗ್ ಗಾಳಿಯ ಹೊಡೆತವನ್ನು ಸವಾರನ ಎದೆಯಿಂದ ಆಚೆ ತಳ್ಳುತ್ತಿತ್ತು. ಆದರೆ ಅದು 980 ಸಿಸಿಯ ದೊಡ್ಡ ಬೈಕು. ಅದಕ್ಕಿಂತ ಹಗುರವಾದ 750-800 ಸಿಸಿ ಗಾತ್ರದಲ್ಲಿ ಈ ಗುಣಗಳನ್ನೆಲ್ಲ ಕೂಡಿಸಿ, ಮೂರು ದಶಕಗಳ ಕಾಲ ಉಳಿದವರಿಗೆ ಅಳತೆಗೋಲಾಗಿ ನಿಂತಿದ್ದು ಜಪಾನಿನ ಹೋಂಡಾ ವಿಎಫ್‌ಆರ್. ಅದರ ಹುಟ್ಟಿನ ಹಿಂದೆ ಇದ್ದದ್ದು ಎರಡು ಸೋಲುಗಳು.

ಮೊದಲನೆಯ ಸೋಲು ರೇಸ್ ಟ್ರ್ಯಾಕಿನದು. 1967ರ ನಂತರ ಗ್ರ್ಯಾನ್ ಪ್ರಿ ರೇಸುಗಳಿಂದ ಹಿಂದೆ ಸರಿದಿದ್ದ ಹೋಂಡಾ 1979ರಲ್ಲಿ ಎನ್‌ಆರ್500 ಎಂಬ ಬೈಕಿನೊಂದಿಗೆ ಮರಳಿತು. ಎದುರಾಳಿಗಳೆಲ್ಲ ಟೂ-ಸ್ಟ್ರೋಕ್ ಎಂಜಿನ್ ಓಡಿಸುತ್ತಿದ್ದ ಕಾಲದಲ್ಲಿ ಹೋಂಡಾ ಹಟ ಹಿಡಿದು ಫೋರ್-ಸ್ಟ್ರೋಕ್ ಮಾಡಿತು. ನಿಯಮದ ಪ್ರಕಾರ ನಾಲ್ಕೇ ಸಿಲಿಂಡರಿಗೆ ಅವಕಾಶ. ಹಾಗಾಗಿ ಪಿಸ್ಟನ್‌ಗಳನ್ನು ಉದ್ದುದ್ದ ಅಂಡಾಕಾರಕ್ಕೆ ಎಳೆದು, ಒಂದೊಂದು ಸಿಲಿಂಡರಿಗೆ ಎಂಟೆಂಟು ವಾಲ್ವ್ ಇಟ್ಟರು. ಸಿಲ್ವರ್‌ಸ್ಟೋನ್‌ನಲ್ಲಿ ನಡೆದ ಅದರ ಮೊದಲ ರೇಸಿನಲ್ಲಿ ಎರಡೂ ಬೈಕುಗಳು ಗುರಿ ಮುಟ್ಟಲಿಲ್ಲ. ಮುಂದೆಯೂ ಎನ್‌ಆರ್500 ವಿಶ್ವ ಚಾಂಪಿಯನ್‌ಷಿಪ್ಪಿನ ಒಂದು ಅಂಕವನ್ನೂ ಗಳಿಸಲಿಲ್ಲ. ಆದರೆ ಆ ವರ್ಷಗಳ ದುಡಿಮೆ ವ್ಯರ್ಥವಾಗಲಿಲ್ಲ. ನಾಲ್ಕು ಸಿಲಿಂಡರುಗಳನ್ನು ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಜೋಡಿಸುವುದು, ಕ್ಯಾಮ್‌ಶಾಫ್ಟನ್ನು ಚೈನಿನ ಬದಲು ಹಲ್ಲುಚಕ್ರಗಳಿಂದ ತಿರುಗಿಸುವುದು, ಈ ಎರಡೂ ವಿದ್ಯೆಗಳು ಹೋಂಡಾದ ಎಂಜಿನಿಯರುಗಳಿಗೆ ಕೈವಶವಾದವು.

ಇದರಲ್ಲಿ ಮೊದಲ ವಿದ್ಯೆ ಬೇಗನೆ ರಸ್ತೆಗೆ ಇಳಿಯಿತು. 1982-83ರ ಸುಮಾರಿಗೆ ಬಂದ ವಿಎಫ್750ಎಫ್ 748 ಸಿಸಿಯ, ನೀರಿನಿಂದ ತಣಿಯುವ, 90 ಡಿಗ್ರಿ ಕೋನದ ವಿ-ಫೋರ್ ಎಂಜಿನ್ ಹೊತ್ತಿತ್ತು. ಅಮೆರಿಕದಲ್ಲಿ ಅದನ್ನು ಇಂಟರ್‌ಸೆಪ್ಟರ್ ಎಂದು ಮಾರಿದರು. ಸಾಲಾಗಿ ನಿಲ್ಲಿಸಿದ ನಾಲ್ಕು ಸಿಲಿಂಡರಿನ ಎಂಜಿನಿಗಿಂತ ಇದು ಕಿರಿದು, ನಡುಕವೂ ಕಡಿಮೆ. ರೇಸಿನಲ್ಲಂತೂ ಅದು ಮೆರೆಯಿತು: ಫ್ರೆಡ್ಡಿ ಸ್ಪೆನ್ಸರ್ 1985ರ ಡೇಟೋನಾ 200 ರೇಸನ್ನು ಇದೇ ಬೈಕಿನ ಮೇಲೆ ಗೆದ್ದರು. ಇದೇ ಹೊತ್ತಿಗೆ ರಾಜಕೀಯವೂ ಅಡ್ಡ ಬಂತು. ಹಾರ್ಲೆ-ಡೇವಿಡ್‌ಸನ್ ಕಂಪನಿಯ ಮೊರೆ ಕೇಳಿ ರೇಗನ್ ಸರ್ಕಾರ 1983ರಲ್ಲಿ 700 ಸಿಸಿ ಮೀರಿದ ಆಮದು ಬೈಕುಗಳ ಮೇಲಿನ ಸುಂಕವನ್ನು ಶೇ 4.4ರಿಂದ ಶೇ 49.4ಕ್ಕೆ ಏರಿಸಿತು. ಹೋಂಡಾ ಸುಮ್ಮನೆ ಕೂರಲಿಲ್ಲ, ಎಂಜಿನನ್ನು 700 ಸಿಸಿಯೊಳಕ್ಕೆ ಇಳಿಸಿ ವಿಎಫ್700ಎಫ್ ಎಂದು ಕಳಿಸಿತು.

ಸುಂಕಕ್ಕೆ ಉಪಾಯ ಸಿಕ್ಕಿತು, ಎರಡನೆಯ ಸೋಲಿಗೆ ಅಷ್ಟು ಸುಲಭದ ಉಪಾಯವಿರಲಿಲ್ಲ. ಕೆಲವೇ ಸಾವಿರ ಕಿಲೋಮೀಟರ್ ಓಡಿದ ಬೈಕುಗಳ ಎಂಜಿನ್ ಮೇಲ್ಭಾಗದಿಂದ ಕಟಕಟ ಸದ್ದು ಕೇಳತೊಡಗಿತು. ಬಿಚ್ಚಿ ನೋಡಿದರೆ ಕ್ಯಾಮ್‌ಶಾಫ್ಟಿನ ಉಬ್ಬುಗಳ ಮೇಲೆ ಸಣ್ಣ ಸಣ್ಣ ಗುಳಿಗಳು. ವಾಲ್ವನ್ನು ಒತ್ತಿ ತೆರೆಯುವುದು ಈ ಉಬ್ಬುಗಳೇ. ಕನ್ನಡಿಯಷ್ಟು ನಯವಾಗಿರಬೇಕಾದ ಲೋಹ ತರಿತರಿಯಾದರೆ ಸವೆತ ದಿನದಿಂದ ದಿನಕ್ಕೆ ಹೆಚ್ಚುತ್ತದೆ. ಎಂಜಿನ್ನಿನ ಮೇಲ್ತುದಿಗೆ ಆಯಿಲ್ ಸಾಲದು ಎಂದರು ಕೆಲವರು. ವಾಲ್ವ್ ಅಂತರ ಹೊಂದಿಸುವ ಕ್ರಮ ತಪ್ಪು ಎಂದರು ಇನ್ನು ಕೆಲವರು. ಕಂಪನಿ ಕ್ಯಾಮ್‌ಶಾಫ್ಟ್ ಬದಲಿಸಿತು, ಮೆಕ್ಯಾನಿಕ್ಕುಗಳಿಗೆ ಹೊಸ ಕ್ರಮ ಹೇಳಿಕೊಟ್ಟಿತು. ಆದರೆ ಹೋಂಡಾ ಎಂದರೆ ಕೆಡದ ಗಾಡಿ ಎಂಬ ನಂಬಿಕೆಗೆ ಆಗಲೇ ಪೆಟ್ಟು ಬಿದ್ದಿತ್ತು.

1986ರ ವಿಎಫ್‌ಆರ್750ಎಫ್ ಈ ಅಪಖ್ಯಾತಿಗೆ ಕೊಟ್ಟ ಉತ್ತರ. ಕ್ಯಾಮ್ ಚೈನ್ ಹೋಯಿತು. ಅದರ ಜಾಗದಲ್ಲಿ, ಎಂಜಿನ್ನಿನ ನಡುಮಧ್ಯೆ, ಕ್ರ್ಯಾಂಕ್‌ನಿಂದ ಕ್ಯಾಮ್‌ಶಾಫ್ಟಿನವರೆಗೆ ಹಲ್ಲಿಗೆ ಹಲ್ಲು ಕಚ್ಚಿಕೊಂಡು ತಿರುಗುವ ಗೇರುಗಳ ಸಾಲು ಬಂತು. ಚೈನ್ ಕಾಲಕ್ರಮೇಣ ಹಿಗ್ಗುತ್ತದೆ, ಅದನ್ನು ಬಿಗಿಹಿಡಿಯುವ ಟೆನ್ಷನರ್ ಸೋಲುತ್ತದೆ. ಗೇರಿಗೆ ಈ ಎರಡು ಕಾಯಿಲೆಯೂ ಇಲ್ಲ. ತಯಾರಿಕೆ ದುಬಾರಿ, ತೂಕವೂ ತುಸು ಹೆಚ್ಚು. ಬಹುಮಟ್ಟಿಗೆ ರೇಸ್ ಬೈಕುಗಳಿಗೆ ಮೀಸಲಾಗಿದ್ದ ಈ ಏರ್ಪಾಡನ್ನು ಪೆಟ್ಟಿಗೆ ಕಟ್ಟಿಕೊಂಡು ಊರೂರು ಸುತ್ತುವವನ ಬೈಕಿಗೆ ಹಾಕಿದ್ದರಲ್ಲೇ ಹೋಂಡಾದ ಪಣ ಎಂಥದೆಂದು ತಿಳಿಯುತ್ತದೆ. ಆ ಗೇರುಗಳ ಸಣ್ಣ ಸಿಳ್ಳೆಯಂಥ ಗುಂಯ್‌ಗುಡುವಿಕೆಯೇ ಮುಂದೆ ವಿಎಫ್‌ಆರ್‌ನ ಗುರುತಾಯಿತು. ಕಬ್ಬಿಣದ ಚಾಸಿ ಬಿಟ್ಟು ಅಲ್ಯೂಮಿನಿಯಮ್ ಚಾಸಿ ಬಂತು, ಶಕ್ತಿ 100 ಕುದುರೆಯ ಗಡಿ ದಾಟಿತು. ಹ್ಯಾಂಡಲ್ ಮಾತ್ರ ಸವಾರ ನಡು ಬಗ್ಗಿಸಿ ಒದ್ದಾಡದಷ್ಟು ಎತ್ತರದಲ್ಲೇ ಇತ್ತು. ಅದೇ ವರ್ಷ ಇಂಗ್ಲೆಂಡಿನ ಡೊನಿಂಗ್‌ಟನ್ ಟ್ರ್ಯಾಕಿನಲ್ಲಿ ರಾನ್ ಹ್ಯಾಸ್ಲಮ್ ಅಂಗಡಿಯಲ್ಲಿ ಸಿಗುವುದಕ್ಕಿಂತ ಹೆಚ್ಚೇನೂ ಬದಲಿಸದ ವಿಎಫ್‌ಆರ್ ಓಡಿಸಿ, ಮಳೆಯಲ್ಲಿ ಅಪ್ಪಟ ರೇಸ್ ಬೈಕುಗಳ ನಡುವೆ ಮೂರನೆಯವರಾಗಿ ಬಂದರು. 1987ರಲ್ಲಿ ವೇಯ್ನ್ ರೈನಿ ಇದರ ರೇಸ್ ರೂಪದ ಮೇಲೆ ಡೇಟೋನಾ 200 ರೇಸನ್ನೂ ಅಮೆರಿಕದ ಸೂಪರ್‌ಬೈಕ್ ಚಾಂಪಿಯನ್‌ಷಿಪ್ಪನ್ನೂ ಗೆದ್ದರು.

ಇಲ್ಲಿಂದ ವಂಶ ಎರಡು ಕವಲಾಯಿತು. ಟ್ರ್ಯಾಕಿಗೆಂದೇ ಮಾಡಿದ ಆರ್‌ಸಿ30 ಒಂದು ಕವಲು. ಅದರ ಮೇಲೆ ಫ್ರೆಡ್ ಮರ್ಕೆಲ್ 1988 ಮತ್ತು 1989ರ ವಿಶ್ವ ಸೂಪರ್‌ಬೈಕ್ ಪಟ್ಟ ಗೆದ್ದರು. ಆ ಕವಲು ರೇಸ್ ಹೊಣೆ ಹೊತ್ತಿದ್ದರಿಂದ ವಿಎಫ್‌ಆರ್750ಎಫ್ ದೂರದ ದಾರಿಯ ಕೆಲಸಕ್ಕೆ ಪೂರ್ತಿ ಒಗ್ಗಿಕೊಂಡಿತು. 1990ರ ಮಾದರಿಗೆ ಹಿಂಚಕ್ರವನ್ನು ಒಂದೇ ಬದಿಯಿಂದ ಹಿಡಿಯುವ ಸ್ವಿಂಗ್‌ಆರ್ಮ್ ಬಂತು. ಫ್ರಾನ್ಸಿನ ಎಲ್ಫ್ ತಂಡದ ಜೊತೆಗೂಡಿ ಸಹಿಷ್ಣುತಾ ರೇಸುಗಳಲ್ಲಿ ಪಳಗಿಸಿದ ಏರ್ಪಾಡು ಅದು. ಗಂಟೆಗಟ್ಟಲೆ ನಡೆಯುವ ಆ ರೇಸುಗಳಲ್ಲಿ ಚಕ್ರ ಬದಲಿಸಲು ತಗಲುವ ಒಂದೊಂದು ಸೆಕೆಂಡೂ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯ ಬೈಕಿನಲ್ಲಿ ಹಿಂದಿನ ಟೈರ್ ಪಂಕ್ಚರ್ ಆದರೆ ಆಕ್ಸಲ್ ಎಳೆದು, ಚೈನ್ ಕಳಚಿ, ಮತ್ತೆ ಜೋಡಿಸುವಾಗ ಚಕ್ರ ನೇರವಾಗಿದೆಯೇ ಎಂದು ನೋಡಬೇಕು. ವಿಎಫ್‌ಆರ್‌ನಲ್ಲಿ ನಾಲ್ಕು ನಟ್ ಬಿಚ್ಚಿದರೆ ಚಕ್ರ ಕಾರಿನ ಚಕ್ರದ ಹಾಗೆ ಕೈಗೆ ಬರುತ್ತದೆ. ಚೈನನ್ನೂ ಬ್ರೇಕನ್ನೂ ಮುಟ್ಟಬೇಕಾಗಿಲ್ಲ. 1994ರ ಮಾದರಿ ಇನ್ನಷ್ಟು ಹಗುರವಾಯಿತು. ಇಡೀ ಸಾಲಿನಲ್ಲಿ ಅತ್ಯಂತ ಸಮತೂಕದ ಬೈಕು ಇದೇ ಎಂದು ಹೇಳಲು ಅಡ್ಡಿಯಿಲ್ಲ.

1998ರಲ್ಲಿ ಎಂಜಿನ್ 781 ಸಿಸಿಗೆ ಬೆಳೆದು, ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಆ ವಿಎಫ್‌ಆರ್800ರ ಬ್ರೇಕಿನ ಲಿವರ್ ಒತ್ತಿದರೆ ಹಿಂದಿನ ಚಕ್ರಕ್ಕೂ, ಪೆಡಲ್ ತುಳಿದರೆ ಮುಂದಿನ ಚಕ್ರಕ್ಕೂ ಒಂದಿಷ್ಟು ಬ್ರೇಕ್ ಬೀಳುತ್ತಿತ್ತು. ಪಳಗಿದ ಸವಾರರಲ್ಲಿ ಅನೇಕರಿಗೆ ಈ ಯಜಮಾನಿಕೆ ಹಿಡಿಸಲಿಲ್ಲ. ಬ್ಯಾಟರಿ ಚಾರ್ಜ್ ಮಾಡುವ ರೆಗ್ಯುಲೇಟರ್-ರೆಕ್ಟಿಫೈಯರ್ ಸುಟ್ಟುಹೋಗುವುದು ಈ ವಂಶಕ್ಕೆ ಅಂಟಿಕೊಂಡ ಇನ್ನೊಂದು ದೋಷ.

ದೊಡ್ಡ ತಕರಾರು ಎದ್ದದ್ದು 2002ರಲ್ಲಿ. ಹೆಸರು ತಂದುಕೊಟ್ಟಿದ್ದ ಗೇರುಗಳನ್ನೇ ತೆಗೆದು ಹೋಂಡಾ ಮತ್ತೆ ಚೈನಿಗೆ ಮರಳಿತು, ಜೊತೆಗೆ ವಿಟೆಕ್ ತಂತ್ರ ಅಳವಡಿಸಿತು. ಎಂಜಿನ್ ನಿಧಾನಕ್ಕೆ ತಿರುಗುವಾಗ ಪ್ರತಿ ಸಿಲಿಂಡರಿನಲ್ಲಿ ಎರಡೇ ವಾಲ್ವ್ ಕೆಲಸ ಮಾಡುತ್ತವೆ. 7,000 ಸುತ್ತಿನ ಆಸುಪಾಸಿನಲ್ಲಿ ಆಯಿಲ್ ಒತ್ತಡದಿಂದ ಉಳಿದೆರಡೂ ಎಚ್ಚರಗೊಳ್ಳುತ್ತವೆ. ಪೆಟ್ರೋಲ್ ಮತ್ತು ಹೊಗೆಯ ಲೆಕ್ಕದಲ್ಲಿ ಇದು ಜಾಣತನವೇ. ಆದರೆ ತಿರುವಿನ ನಟ್ಟನಡುವೆ ಆ ಬದಲಾವಣೆಯಾದರೆ ಬೈಕು ತಟ್ಟನೆ ಮುನ್ನುಗ್ಗುತ್ತದೆ, ಬಾಗಿ ಕೂತ ಸವಾರನಿಗೆ ಅದು ಹಿತವಲ್ಲ. ಹಳೆಯ ಗೇರ್ ಎಂಜಿನ್ನಿನ ಅಭಿಮಾನಿಗಳು ಈ ಮಾದರಿಯನ್ನು ಮನಸಾರೆ ಒಪ್ಪಿಕೊಳ್ಳಲೇ ಇಲ್ಲ. ಬೇಸರಕ್ಕೆ ನ್ಯಾಯವಾದ ಕಾರಣವಿತ್ತು.

2010ರ ವಿಎಫ್‌ಆರ್1200ಎಫ್ ಹೆಸರು ಉಳಿಸಿಕೊಂಡರೂ ಮಧ್ಯಮ ಗಾತ್ರದ ದಾರಿ ಬಿಟ್ಟಿತ್ತು. 1,237 ಸಿಸಿ, ಚೈನ್ ಬದಲು ಶಾಫ್ಟ್, ಬೇಕೆಂದವರಿಗೆ ಕ್ಲಚ್ ಹಿಡಿಯುವ ಕೆಲಸವೇ ಇಲ್ಲದ ಜೋಡಿ ಕ್ಲಚ್ ಗೇರ್‌ಬಾಕ್ಸ್. ಭಾರತದ ಮಾರುಕಟ್ಟೆಗೂ ಅದು ಬಂತು. 2014ರಲ್ಲಿ ಹೋಂಡಾ ಮತ್ತೆ ವಿಎಫ್‌ಆರ್800ಎಫ್ ತಂದು ವಿಟೆಕ್‌ನ ಒರಟುತನವನ್ನು ಬಹುಮಟ್ಟಿಗೆ ಸವರಿತು. ಅಷ್ಟರಲ್ಲಿ ಕೊಳ್ಳುವವರ ಮನಸ್ಸು ಬೇರೆ ಕಡೆ ಹೊರಳಿತ್ತು. ದೂರ ಹೋಗುವವರು ಎತ್ತರದ ಸೀಟು, ಅಗಲ ಹ್ಯಾಂಡಲ್, ಕೆಟ್ಟ ರಸ್ತೆಗೂ ಜಗ್ಗದ ಸಸ್ಪೆನ್ಷನ್ ಇರುವ ಅಡ್ವೆಂಚರ್ ಬೈಕುಗಳನ್ನು ಆರಿಸಿಕೊಳ್ಳತೊಡಗಿದ್ದರು. ಹೋಂಡಾ ತಾನೇ ಇದೇ ವಿ-ಫೋರ್ ಎಂಜಿನನ್ನು ಕ್ರಾಸ್‌ರನ್ನರ್ ಎಂಬ ಅಂಥ ಬೈಕಿಗೆ ಕೂರಿಸಿತ್ತು. ಯುರೋಪಿನ ಎಲ್ಲ ಹೊಸ ಬೈಕುಗಳಿಗೆ 2021ರಿಂದ ಕಡ್ಡಾಯವಾದ ಯುರೋ 5 ಹೊಗೆ ನಿಯಮಕ್ಕೆ ಈ ಎಂಜಿನನ್ನು ಮತ್ತೆ ತಿದ್ದುವ ಖರ್ಚಿಗೆ ತಕ್ಕ ಗಿರಾಕಿಗಳು ಉಳಿದಿರಲಿಲ್ಲ. ಅಲ್ಲಿನ ಷೋರೂಮುಗಳಲ್ಲಿ ವಿಎಫ್‌ಆರ್800ರ ಮಾರಾಟ ಅಲ್ಲಿಗೆ ನಿಂತಿತು.