ತೇಪೆ ಬಲಕ್ಕೆ ಹೋದದ್ದು

ಸಂಡೂರು ತಾಲೂಕಿನ ಬಂಡ್ರಿ ಕಡೆಯ ಒಂದು ತಾಂಡಾದಲ್ಲಿ ಅಜ್ಜಿಯೊಬ್ಬರಿದ್ದಾರೆ. ಎಲ್ಲರಿಗೂ ಅವರು ಯಾಡಿ, ಅಂದ್ರೆ ಲಂಬಾಣಿ ಮಾತಲ್ಲಿ ಅವ್ವ. ಅವರ ತಾಯಿ ಹೊಲಿದ ಕಸೂತಿ ಚೀಲ ಒಂದು ಅವರ ಹತ್ತಿರ ಇದೆ. ಅಂಚಿಗೆ ಕವಡೆ, ಮೈತುಂಬ ಕನ್ನಡಿ ಚೂರು, ಎಡಮೂಲೆಯಲ್ಲಿ ಒಂದು ನೀಲಿ ತೇಪೆ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಸಿಕ್ಕಿದ್ದು 2010ರಲ್ಲಿ. ಈ ಚೀಲ ಅದಕ್ಕಿಂತ ಎಷ್ಟೋ ಹಳೆಯದು.

ಆಗ ವೀಕೆಂಡ್‌ಗಳಲ್ಲಿ ಲಿನೊಕಟ್ ಕಲೀತಿದ್ದೆ. ಚೀಲದ ಪಕ್ಕ ಒಂದು ತಂಬಿಗೆ, ಮುಂದೆ ನಾಲ್ಕು ಬಿಡಿ ಕವಡೆ ಇಟ್ಟು ಸ್ಟಿಲ್ ಲೈಫ್ ಬರೆದುಕೊಂಡೆ. ಬರೆದದ್ದನ್ನ ಹಾಗೇ ಲಿನೊ ಮೇಲೆ ಇಳಿಸಿ, ಕೆತ್ತಿ, ಮಸಿ ಹಚ್ಚಿ ಅಚ್ಚು ತೆಗೆದೆ. ಖುಷಿಯಿಂದ ಒಯ್ದು ತೋರಿಸಿದರೆ ಯಾಡಿ ಕೇಳಿದ್ದು ಒಂದೇ: "ತೇಪಿ ಈ ಕಡಿಗೆ ಯಾಕ ಬಂತಪಾ? ಇದು ನಮ್ಮವ್ವನ ಚೀಲ ಅಲ್ಲ."

ಆ ಮೂಲೆ ಹರಿದಾಗ ತಾಯಿ ತಮ್ಮ ಲಂಗದ ಅಂಚನ್ನೇ ಕತ್ತರಿಸಿ ತೇಪೆ ಹಾಕಿದ್ದರಂತೆ. ನನಗೆ ಅದು ಬರೀ ಒಂದು ನೀಲಿ ಚೌಕ.

ಅಚ್ಚಿನಲ್ಲಿ ಎಡ ಬಲವಾಗುತ್ತೆ, ಬಲ ಎಡವಾಗುತ್ತೆ. ಯಾರಿಗೆ ಗೊತ್ತಿಲ್ಲ! ಆದರೂ ಮರೆತೆ. ಸಮಾಧಾನಕ್ಕೆ ಅಂತ ಹುಡುಕಿದಾಗ ಸಿಕ್ಕಿದ್ದು ರೆಂಬ್ರಾಂಟ್. 1650ರಲ್ಲಿ ಆತ ತಾಮ್ರದ ತಗಡಿನ ಮೇಲೆ ಅಂಗೈಯಷ್ಟು ಗಾತ್ರದ ಒಂದು ಚಿತ್ರ ಕೊರೆದ. ಕಪ್ಪು ಮೈಮೇಲೆ ಬಿಳಿ ಚುಕ್ಕೆಯ ಒಂಟಿ ಸಮುದ್ರ ಚಿಪ್ಪು, ಕೋನಸ್ ಮಾರ್ಮೊರಿಯಸ್. ಅಚ್ಚಿಗಾಗಿ ಆತ ಮಾಡಿದ ಸ್ಟಿಲ್ ಲೈಫ್ ಇದೊಂದೇ. ಮೊದಲ ಪ್ರತಿಗಳಲ್ಲಿ ಹಿನ್ನೆಲೆ ಖಾಲಿ. ಆಮೇಲೆ ಅದೇ ತಗಡಿನಲ್ಲಿ ಗೆರೆ ತುಂಬಿ ಚಿಪ್ಪಿನ ಸುತ್ತ ಕತ್ತಲು ತಂದ. ಅಂದ್ರೆ ಅಚ್ಚು ತೆಗೆದು, ನೋಡಿ, ಮತ್ತೆ ಕೊರೆದು ಡಿಸೈನ್ ಬೆಳೆಸಿದ. ತನ್ನ ಸಹಿ ಮತ್ತು ಇಸವಿಯನ್ನ ತಗಡಿನ ಮೇಲೆ ಉಲ್ಟಾ ಕೊರೆದಿದ್ದರಿಂದ ಕಾಗದದ ಮೇಲೆ ಅವು ಸರಿಯಾಗಿ ಬಂದವು. ಚಿಪ್ಪನ್ನ ಮಾತ್ರ ಕಂಡಂತೆ ಕೊರೆದ. ಹಾಗಾಗಿ ಅಚ್ಚಿನಲ್ಲಿ ಅದರ ಸುರುಳಿ ಆ ಜಾತಿಯಲ್ಲಿ ಇರಬೇಕಾದ ದಿಕ್ಕಿಗೆ ವಿರುದ್ಧವಾಗಿ ತಿರುಗಿದೆ.

ನಮ್ಮಲ್ಲಿ ಜನ ದೇವರಮನೆಯಲ್ಲಿಟ್ಟು ಪೂಜಿಸುವ ಅಪರೂಪದ ಬಲಮುರಿ ಶಂಖವೂ ಹೀಗೇ, ತನ್ನ ಜಾತಿಯ ಉಳಿದವಕ್ಕಿಂತ ಉಲ್ಟಾ ಸುತ್ತಿದ್ದು. ನಮ್ಮೂರಿನವರ ಕೈಗೆ ಸಿಕ್ಕಿದ್ರೆ ರೆಂಬ್ರಾಂಟನ ಚಿಪ್ಪಿಗೂ ಕುಂಕುಮ ಬೀಳುತ್ತಿತ್ತೇನೋ.

ಆ ಚಿಪ್ಪೂ ಯಾಡಿಯ ಕವಡೆಯೂ ಬೆಚ್ಚಗಿನ ಪೂರ್ವದ ಸಮುದ್ರಗಳವು. ಒಂದು ಹಡಗಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ಶ್ರೀಮಂತರ ಕಪಾಟು ಸೇರಿತು. ಇನ್ನೊಂದು, ಎತ್ತುಗಳ ಮೇಲೆ ಉಪ್ಪು ದವಸ ಹೇರಿಕೊಂಡು ದೇಶ ಸುತ್ತುತ್ತಿದ್ದವರ ಬಟ್ಟೆ ಸೇರಿತು. ಮೊದಲನೆಯದಕ್ಕೆ ಸ್ಟಿಲ್ ಲೈಫ್ ಅಂತ ಮ್ಯೂಸಿಯಂನಲ್ಲಿ ಜಾಗ ಸಿಕ್ಕಿತು. ಎರಡನೆಯದನ್ನ ಇವತ್ತಿಗೂ ಕ್ರಾಫ್ಟ್ ಅಂತೀವಿ.

ಅಕ್ಷರದ ವಿಷಯದಲ್ಲಿ ಮಾತ್ರ ಎಲ್ಲರೂ ಹುಷಾರು. 1843ರಲ್ಲಿ ಮಂಗಳೂರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕಲ್ಲಚ್ಚಿನದು. ಕಲ್ಲಿನ ಮೇಲೆ ಅಕ್ಷರ ಉಲ್ಟಾ ಇರಲೇಬೇಕು, ಇಲ್ಲದಿದ್ರೆ ಓದೋಕೇ ಬರಲ್ಲ. ಚಿಪ್ಪು, ಚೀಲ ತಿರುಗಿದರೆ ಯಾರೂ ತಕರಾರು ಮಾಡಲ್ಲ, ಅವುಗಳನ್ನ ಓದಬಲ್ಲವರ ಹೊರತು.

ಪರಿಹಾರ ಸುಲಭ. ಟ್ರೇಸಿಂಗ್ ಹಾಳೆಯ ಮೇಲೆ ಬರೆದು, ಹಾಳೆಯನ್ನ ಮಗುಚಿ ಲಿನೊ ಮೇಲೆ ಇಳಿಸಬೇಕು. ಅನುಮಾನ ಬಂದರೆ ಕನ್ನಡಿಯಲ್ಲಿ ನೋಡಬೇಕು. (ನಾನು ಕೂತು ಬರೆದ ಚೀಲದ ತುಂಬ ಕನ್ನಡಿಗಳೇ ಇದ್ದವು!)

ಹೊಸದಾಗಿ ಕೆತ್ತಿದೆ. ಈ ಸಲ ತೇಪೆ ಎಡಕ್ಕೇ ಬಂತು, ತಂಬಿಗೆಯೂ ತನ್ನ ಜಾಗಕ್ಕೆ ಬಂತು. ಕೊನೇ ಗಳಿಗೆಯಲ್ಲಿ ಕೆಳಗೆ ಇಸವಿ ಇರಲಿ ಅಂತ ನೇರವಾಗಿ ಕೆತ್ತಿಬಿಟ್ಟೆ. ಅದು ಉಲ್ಟಾ ಬಂತು.

ಯಾಡಿ ತೇಪೆ ಮೇಲೆ ಬೆರಳಾಡಿಸಿದರು. "ಈಗ ಸರಿ ಐತಿ," ಅಂದರು. ಇಸವಿಯ ಕಡೆ ನೋಡಲೇ ಇಲ್ಲ.