ಮಂಗನ ಕಾಯಿಲೆಯೂ ಕಾಮಾಲೆಯ ಬಳಗವೂ

ರೋಗಕ್ಕೆ ಹೆಸರಿಡುವಾಗ ನಮ್ಮ ಜನ ಕಣ್ಣಿಗೆ ಕಂಡದ್ದನ್ನೇ ನಂಬುತ್ತಾರೆ. ಮೈ ಹಳದಿಯಾದರೆ ಅರಿಸಿನ ಕಾಮಾಲೆ. ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಬೆನ್ನಿಗೇ ಮನುಷ್ಯರೂ ಜ್ವರ ಹಿಡಿದು ಮಲಗಿದರೆ ಮಂಗನ ಕಾಯಿಲೆ. ಈ ಎರಡಕ್ಕೂ ಒಂದು ನೆಂಟಸ್ತಿಕೆಯಿದೆ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ವಿಷಯವೇಕೆ ಎಂದು ಯಾರಾದರೂ ಕೇಳಿದರೆ, ಇದು ನಮ್ಮ ಬೆಳ್ತಂಗಡಿ ತಾಲೂಕಿನ ಚರಿತ್ರೆಯೂ ಹೌದೆಂಬುದೇ ನನ್ನ ಉತ್ತರ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೋಡಗಗಳೂ ಸತ್ತು ಬೀಳತೊಡಗಿದವು. ಆಫ್ರಿಕದ ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೇ ಎಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫರ್ಡ್ ವರ್ಕ್ ಮೊದಲಾದವರು ಶಂಕಿಸಿದರು. ಕೈಗೆ ಸಿಕ್ಕಿದ್ದು ಬೇರೆಯೇ ವಿಷಾಣು; ಅದನ್ನು ಹರಡುವುದು ಕಾಡಿನ ಉಣುಗು. ಆದರೂ ಆ ಶಂಕೆ ತೀರ ನಿರಾಧಾರವಾಗಿರಲಿಲ್ಲ. ಹಳದಿ ಜ್ವರ, ಮಂಗನ ಕಾಯಿಲೆ, ‘ಸಿ’ ಬಗೆಯ ಯಕೃತ್ತಿನ ಉರಿಯೂತ, ಇವುಗಳ ವಿಷಾಣುಗಳನ್ನೆಲ್ಲ ವಿಜ್ಞಾನಿಗಳು ಮುಂದೆ ಒಂದೇ ಬಳಗಕ್ಕೆ ಸೇರಿಸಿದರು. ಆ ಬಳಗಕ್ಕೆ ಬಂದ ‘ಫ್ಲಾವಿ’ ಎಂಬ ಹೆಸರಿನ ಮೂಲ ಲ್ಯಾಟಿನ್ನಿನ ಹಳದಿ. ಕಾಮಾಲೆಗೆ ಬಣ್ಣದಿಂದ ಹೆಸರಿಟ್ಟ ನಮ್ಮ ಅಜ್ಜಿಯರೂ ಆ ಪಂಡಿತರೂ ಹಿಡಿದದ್ದು ಒಂದೇ ದಾರಿ.

ಕಾಯಿಲೆ ನಮ್ಮ ಸೀಮೆಗೆ ಬಂದದ್ದು 1982ರ ಕೊನೆಯ ಹೊತ್ತಿಗೆ. ಗೇರುತೋಟಕ್ಕಾಗಿ ಕಾಡು ಕಡಿದ ನಿಡ್ಲೆ, ಪಟ್ರಮೆ ಕಡೆಯ ಹಳ್ಳಿಗಳಲ್ಲಿ ಅದು ತಲೆಯೆತ್ತಿತು. 1983ರ ಬೇಸಗೆ ಮುಗಿಯುವಷ್ಟರಲ್ಲಿ 1,000ಕ್ಕೂ ಮಿಕ್ಕಿ ಜನ ಕಾಯಿಲೆ ಬಿದ್ದರು. ತೀರಿಕೊಂಡವರು 100ಕ್ಕೂ ಮಿಕ್ಕಿ. ಬಹುಮಂದಿ ಸೌದೆಗೂ ಸೊಪ್ಪಿಗೂ ಕೂಲಿಗೂ ಕಾಡು ಹೊಕ್ಕ ಬಡವರು. ಕಾಡಿನ ದೈವ ಮುನಿಯಿತೆಂದವರಿದ್ದರು. ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರ ಪ್ರಬಂಧದಲ್ಲಿ ಇದನ್ನು ‘ಅಭಿವೃದ್ಧಿಯ ರೋಗ’ವೆಂದು ಕರೆದರು. ಎರಡು ಮಾತೂ ಬೆರಳು ತೋರಿದ್ದು ಕಡಿದ ಕಾಡಿನ ಕಡೆಗೇ.

ಉಣುಗು ಕಚ್ಚಿದರೆ ವಿಷಾಣು ರಕ್ತಕ್ಕೆ ಬಂತು. ಆದರೆ ಜೀವಕೋಶದ ಒಳಕ್ಕೆ? ವಿಷಾಣುವಿನ ಮೈಮೇಲೆ ಕೊಬ್ಬಿನ ಹೊದಿಕೆಯಿದೆ. ಅದರ ಮೇಲೆ 180 ಪ್ರೋಟೀನುಗಳು ಜೋಡಿಜೋಡಿಯಾಗಿ ಒರಗಿ ಮಲಗಿರುತ್ತವೆ. ಆಹಾರವೆಂಬಂತೆ ಜೀವಕೋಶವೇ ವಿಷಾಣುವನ್ನು ಚೀಲದಲ್ಲಿ ಒಳಗೆಳೆದುಕೊಳ್ಳುತ್ತದೆ. ಚೀಲದೊಳಗೆ ಆಮ್ಲ ಹೆಚ್ಚಿದೊಡನೆ ಮಲಗಿದ್ದ ಪ್ರೋಟೀನುಗಳು ಮೂರುಮೂರಾಗಿ ಎದ್ದು ನಿಂತು, ಚೀಲದ ಪೊರೆಗೆ ತುದಿಯನ್ನು ನಾಟಿ, ಬಾಗಿ, ಎರಡು ಪೊರೆಗಳನ್ನು ಬೆಸೆದುಬಿಡುತ್ತವೆ. ಬೆಸುಗೆಯಲ್ಲಿ ತೆರೆದ ಕಿಂಡಿಯಿಂದ ವಿಷಾಣುವಿನ ಬೀಜ ಹೊರಬೀಳುತ್ತದೆ. ಮಂಗನ ಕಾಯಿಲೆಯ ಹತ್ತಿರದ ನೆಂಟನಾದ ಯುರೋಪಿನ ಉಣುಗುಜ್ವರದ ವಿಷಾಣುವಿನಲ್ಲಿ ಈ ಪ್ರೋಟೀನಿನ ಆಕೃತಿ 1995ರಲ್ಲಿ ತಿಳಿಯಿತು.

‘ಬಿ’ ಕಾಮಾಲೆಯ ವಿಷಾಣು ಬೇರೆ ಕುಲದ್ದು. ಅದರ ಉಪಾಯವೂ ಬೇರೆ. ಪಿತ್ತದ ಲವಣಗಳನ್ನು ಯಕೃತ್ತಿನ ಕೋಶದೊಳಕ್ಕೆ ಸಾಗಿಸುವ ವಾಹಕವೊಂದಿದೆ. ವಿಷಾಣುವಿನ ಹೊದಿಕೆಯ ಪ್ರೋಟೀನು ಅದನ್ನೇ ಹಿಡಿದು ಒಳಹೊಗುತ್ತದೆಂದು 2012ರಲ್ಲಿ ಗೊತ್ತಾಯಿತು. ಅದು ಯಕೃತ್ತನ್ನೇ ಆರಿಸಿಕೊಳ್ಳುವುದರ ಗುಟ್ಟು ಬಹುಮಟ್ಟಿಗೆ ಇಲ್ಲಿದೆ.

ಕಳ್ಳನ ಕೀಲಿಕೈ ಮನೆಯವನಿಗೆ ಸಿಕ್ಕರೆ ಕಾವಲು ಸುಲಭ. ‘ಬಿ’ಯ ಹೊದಿಕೆಯ ಪ್ರೋಟೀನನ್ನಷ್ಟೇ ಯೀಸ್ಟಿನಲ್ಲಿ ಬೆಳೆಸಿ ಮಾಡಿದ ಲಸಿಕೆ 1986ರಲ್ಲಿ ಬಳಕೆಗೆ ಬಂತು. 1989ರಲ್ಲಿ ಗುರುತಿಸಲಾದ ‘ಸಿ’ಗೆ ಮದ್ದುಂಟು, ಲಸಿಕೆಯಿಲ್ಲ, ಅದರ ಹೊದಿಕೆ ಮತ್ತೆ ಮತ್ತೆ ವೇಷ ಬದಲಿಸುತ್ತದೆ. ಮಂಗನ ಕಾಯಿಲೆಯ ಹಳೆಯ ಲಸಿಕೆ, ಕೊಂದ ವಿಷಾಣುವಿನಿಂದ ಮಾಡಿದ್ದು, 2022ರಲ್ಲಿ ನಿಂತುಹೋಯಿತು. ಹೊಸದರ ಪ್ರಯತ್ನ ನಡೆದಿದೆ.

ಕೊನೆಗೊಂದು ಭಾಷೆಯ ಮಾತು. ಮಂಗನ ಕಾಯಿಲೆಯೆಂಬ ಹೆಸರಿನಿಂದ ಮಂಗನೇ ಅಪರಾಧಿಯೆಂಬ ಭಾವನೆ ಬೆಳೆದಿದೆ. ಮಂಗವೂ ನಮ್ಮ ಹಾಗೆ ಉಣುಗು ಕಚ್ಚಿ ಸಾಯುವ ಪ್ರಾಣಿ. ನಮಗಿಂತ ಮೊದಲು ಸತ್ತು ಎಚ್ಚರಿಕೆ ಕೊಡುತ್ತದೆ, ಅಷ್ಟೆ. ಸತ್ತ ಮಂಗವನ್ನು ಕಂಡವರು ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ವಿಷಾಣು ಕೋಶದ ಬಾಗಿಲನ್ನು ತಾನೇ ತೆರೆದುಕೊಳ್ಳುತ್ತದೆ. ಕಾಡಿನ ಬಾಗಿಲನ್ನು ತೆರೆದವರು ನಾವು.