ಹಿತ್ತಲಿಗೆ ತಡವಾಗಿ ಬಂದ ಟೊಮೇಟೊ

ಮೂರನೆಯ ಮಂಗರಸ 1508ರಲ್ಲಿ ಷಟ್ಪದಿಯಲ್ಲಿ ಬರೆದ ಅಡುಗೆಯ ಗ್ರಂಥ ‘ಸೂಪಶಾಸ್ತ್ರ’ದಲ್ಲಿ ಬದನೆಕಾಯಿಗೆ ರಾಜಮರ್ಯಾದೆ. ಅದೇ ಕುಲದ ಟೊಮೇಟೊ ಮಾತ್ರ ಅಲ್ಲಿ ಹುಡುಕಿದರೂ ಸಿಗದು. ಆಗಿನ್ನೂ ಅದು ಅಮೆರಿಕ ಖಂಡ ಬಿಟ್ಟು ಹೊರಟೇ ಇರಲಿಲ್ಲ. ಆಂಡಿಸ್ ಸೀಮೆಯ ಆ ಕಾಡುಗಿಡವನ್ನು ಪಳಗಿಸಿದವರು ಮೆಕ್ಸಿಕೊದ ಕಡೆಯ ರೈತರು. 1521ರಲ್ಲಿ ಸ್ಪೇನಿನವರು ಅಲ್ಲಿ ನೆಲೆಯೂರಿದ ಮೇಲೆ ಅದು ಯುರೋಪಿಗೆ ಹೋಯಿತು. ಭಾರತಕ್ಕೆ ತಂದವರು ಪೋರ್ಚುಗೀಸರು ಎಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ.

ಮೆಣಸಿನಕಾಯಿಯೂ ಬಂದದ್ದು ಅದೇ ದಾರಿಯಲ್ಲಿ. ಕಾಳುಮೆಣಸಿಗಿಂತ ಅಗ್ಗ, ಹಿತ್ತಲಲ್ಲೇ ಬೆಳೆಯುತ್ತದೆ ಎಂದು ಅದು ಬೇಗ ಒಲೆಯ ಬಳಿ ಸೇರಿಕೊಂಡಿತು. ಟೊಮೇಟೊಗೆ ಆ ಅದೃಷ್ಟವಿರಲಿಲ್ಲ. ಹುಳಿಗೆ ಇಲ್ಲಿ ಬರವೆಲ್ಲಿತ್ತು? ಬಯಲುಸೀಮೆಯಲ್ಲಿ ಹುಣಸೆ, ಕರಾವಳಿಯಲ್ಲಿ ಪುನರ್ಪುಳಿ, ಮಲೆನಾಡಲ್ಲಿ ಉಪ್ಪಾಗೆ, ಅಮಟೆಕಾಯಿ. ಎಲ್ಲ ಕಡೆಯೂ ಮಜ್ಜಿಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಭಾರತದ ಬೆಳೆಗಳ ದೊಡ್ಡ ಕೋಶ ಹೊರತಂದ ಜಾರ್ಜ್ ವ್ಯಾಟ್ ಕೂಡ, ಟೊಮೇಟೊ ಬೆಳೆಯುವುದು ಮುಖ್ಯವಾಗಿ ಯುರೋಪಿಯನ್ನರಿಗಾಗಿ ಎಂದೇ ದಾಖಲಿಸಿದ.

ಬೆಂಗಳೂರಿನಲ್ಲಿ ಅಂಥ ಗಿರಾಕಿಗಳಿದ್ದದ್ದು ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ. 1856ರಲ್ಲಿ ಸರ್ಕಾರಿ ಸಸ್ಯತೋಟವಾದ ಲಾಲ್‌ಬಾಗು ಹೊರನಾಡಿನ ಗಿಡಗಳನ್ನು ತರಿಸಿ ಬೆಳೆಸಿ ನೋಡುತ್ತಿತ್ತು. 1874ರಲ್ಲಿ ಅದರ ಉಸ್ತುವಾರಿ ವಹಿಸಿಕೊಂಡ ಜಾನ್ ಕ್ಯಾಮರೂನ್‌ನ ಕಾಲದಲ್ಲೇ ಸೀಮೆಬದನೆ ಇಲ್ಲಿ ಬೇರೂರಿತು. ಸೀಮೆ ತರಕಾರಿಗಳು ಸುತ್ತಲ ತೋಟಗಳಿಗೆ ಹಬ್ಬಿದ್ದು ಹೀಗೆ.

ಹಳ್ಳಿ ಮನೆಗಳಲ್ಲಿ ಟೊಮೇಟೊಗೆ ಹೆಚ್ಚಿನ ಉಪಚಾರವೇನೂ ಬೇಕಾಗಲಿಲ್ಲ. ಎಸೆದ ಹಣ್ಣಿನಿಂದ ತಿಪ್ಪೆಯಲ್ಲಿ ತಾನಾಗಿ ಹುಟ್ಟಿದ ಸಸಿಯನ್ನು ಬಚ್ಚಲು ನೀರು ಹರಿಯುವಲ್ಲಿ ನೆಟ್ಟರೆ ಸಾಕಿತ್ತು. ಬೀಜ ಬೇಕೆಂದರೆ ಚೆನ್ನಾಗಿ ಮಾಗಿದ ಹಣ್ಣನ್ನು ಹಿಚುಕಿ, ಲೋಳೆ ಹೋಗುವಂತೆ ಒಲೆಯ ಬೂದಿಯಲ್ಲಿ ಉಜ್ಜಿ, ನೆರಳಲ್ಲಿ ಒಣಗಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಇಡುವುದು. ತೆಳು ಸಿಪ್ಪೆಯ, ಹುಳಿ ಮುಂದಾದ ಆ ಹಣ್ಣನ್ನೇ ಗಿರಾಕಿಗಳು ಇಂದಿಗೂ ‘ನಾಟಿ’ ಎಂದು ಕೇಳಿ ಕೊಳ್ಳುತ್ತಾರೆ.

ಬೀಜದ ಗಂಟು ಮನೆಯಿಂದ ಪ್ರಯೋಗಾಲಯಕ್ಕೆ ದಾಟಿದ್ದು ಹೆಸರಘಟ್ಟದಲ್ಲಿ. 1967ರಲ್ಲಿ ಶುರುವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಅಮೆರಿಕದ ‘ಟಿಪ್ ಟಾಪ್’ ತಳಿಯಿಂದ ಆಯ್ದು ‘ಅರ್ಕಾ ವಿಕಾಸ್’ ರೂಪಿಸಿತು. ಮುಂದೆ ಬಂದ ‘ಅರ್ಕಾ ರಕ್ಷಕ್’ ಎಲೆ ಮುಟುರು, ಸೊರಗು, ಅಂಗಮಾರಿ ಮೂರೂ ರೋಗಗಳನ್ನು ತಡೆದುಕೊಳ್ಳುವ ಹೈಬ್ರಿಡ್. ಆರೈಕೆ ಚೆನ್ನಾಗಿದ್ದರೆ ಗಿಡವೊಂದಕ್ಕೆ 18 ಕಿಲೋವರೆಗೆ ಫಸಲು.

ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಬೋರ್‌ವೆಲ್, ಹನಿ ನೀರಾವರಿ ನಂಬಿ ಟೊಮೇಟೊದ ತವರಾಯಿತು. ಅಲ್ಲಿನ ಎಪಿಎಂಸಿ ಹರಾಜಿನಲ್ಲಿ 15 ಕಿಲೋ ಬಾಕ್ಸೇ ಲೆಕ್ಕದ ಅಳತೆ. 2023ರ ಜುಲೈನಲ್ಲಿ ಆ ಬಾಕ್ಸು 2,000 ರೂಪಾಯಿ ದಾಟಿತು. ಧಾರಣೆ ಕುಸಿದ ವರ್ಷಗಳಲ್ಲಿ ಕೀಳುವ ಕೂಲಿಯೂ ಹುಟ್ಟದೆ ಹಣ್ಣು ರಸ್ತೆ ಬದಿಗೆ ಬಿದ್ದದ್ದೂ ಉಂಟು.

ಇಷ್ಟಾದರೂ ಶ್ರಾದ್ಧದ ಅಡುಗೆಯಲ್ಲಿ ಹಲವು ಮನೆಗಳು ಇವತ್ತಿಗೂ ಟೊಮೇಟೊ ಬಳಸುವುದಿಲ್ಲ. ಅಲ್ಲಿ ಹುಣಸೆಯದ್ದೇ ಹುಳಿ. ಇತ್ತ ಪೇಟೆಯ ತಾರಸಿಗಳಲ್ಲಿ ಗ್ರೋ ಬ್ಯಾಗಿನ ಗಿಡಗಳು ಕೋಲಿಗೆ ಆತು ನಿಂತಿವೆ. ಹೈಬ್ರಿಡ್ ಹಣ್ಣಿನ ಬೀಜ ಬಿತ್ತಿದರೆ ತಾಯಿಗಿಡದ ಗುಣ ಹಾಗೆಯೇ ಬರುವುದಿಲ್ಲ, ಆದ್ದರಿಂದ ಅದನ್ನು ಬೆಳೆಯುವವರು ಪ್ರತಿ ಸಲವೂ ಹೊಸ ಪೊಟ್ಟಣ ಕೊಳ್ಳಬೇಕು. ಅರ್ಕಾ ವಿಕಾಸ್ ಅಥವಾ ನಾಟಿ ನೆಟ್ಟವರಿಗೆ ಆ ಖರ್ಚಿಲ್ಲ.